ಅಂಗ-ಲಿಂಗ ವಿಚಾರವೂ ನಿತ್ಯಜೀವನದ ನಡೆಯೂ

ಮನುಷ್ಯನು ಯಾರು, ಎಲ್ಲಿಂದ ಬಂದನು, ದೇಹವಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗಳು ವಿಚಾರವಂತರನ್ನು ಎಲ್ಲ ಕಾಲದಲ್ಲಿಯೂ ಕಾಡಿವೆ. ಉಪನಿಷತ್ತಿನ ಋಷಿಗಳು ಅರಣ್ಯದ ಏಕಾಂತದಲ್ಲಿ ಇವನ್ನು ಚಿಂತಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಾದರೋ ಇದೇ ಪ್ರಶ್ನೆಗಳನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಯಲ್ಲಿ, ಹಗ್ಗ ಹೊಸೆಯುವ ಜಗಲಿಯಲ್ಲಿ, ಅಕ್ಕಿ ಆಯುವ ಅಂಗಳದಲ್ಲಿ ಎತ್ತಿದರು. ಆತ್ಮವಿಚಾರವು ದಿನದ ನಡೆಯಿಂದ ಬೇರ್ಪಟ್ಟರೆ ಅದು ಕೇವಲ ವಾಗ್ವಿಲಾಸವಾಗುವುದೆಂಬುದು ಅವರ ನಿಲುವಾಗಿತ್ತು.

ಶರಣದರ್ಶನದಲ್ಲಿ ಜೀವನಿಗೆ ‘ಅಂಗ’ವೆಂದೂ ಪರವಸ್ತುವಿಗೆ ‘ಲಿಂಗ’ವೆಂದೂ ಹೆಸರು. ಇವೆರಡೂ ಮೂಲತಃ ಅನ್ಯವಲ್ಲ. ಮರೆವಿನಿಂದ ಬೇರೆಯೆಂದು ತೋರಿದ ಅಂಗವು ಅರಿವಿನಿಂದ ಲಿಂಗದಲ್ಲಿ ಸಮರಸವಾಗುವುದೇ ಐಕ್ಯ. ಸ್ಥೂಲ, ಸೂಕ್ಷ್ಮ, ಕಾರಣವೆಂಬ ತನುತ್ರಯಕ್ಕೆ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ಸಂಬಂಧವನ್ನು ಹೇಳಿರುವುದರಿಂದ ದೇಹವು ಇಲ್ಲಿ ತ್ಯಾಜ್ಯವಲ್ಲ. ಅದು ಸಾಧನೆಯ ಕ್ಷೇತ್ರ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸಗಳು ಲಕ್ಷಣಗಳು. ಇವುಗಳ ನಡುವೆ ಬರುವ ಅವಧಾನವು ಗಮನಾರ್ಹವಾದುದು. ಕೈಗೆ ಬಂದುದೆಲ್ಲವೂ ಪ್ರಸಾದವಾಗದು; ಅದು ಹೇಗೆ ಬಂತು, ಎಷ್ಟು ಬೇಕು, ಯಾರಿಗೆ ಸಲ್ಲಬೇಕು ಎಂಬ ಎಚ್ಚರದಿಂದ ಸ್ವೀಕರಿಸಿದುದೇ ಪ್ರಸಾದ.

ಈ ತತ್ತ್ವಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಚರಿತ್ರೆಯು ಉತ್ತಮ ನಿದರ್ಶನ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದಲೇ ಆ ದಂಪತಿಗಳ ದಾಸೋಹ ನಡೆಯಬೇಕು. ಒಮ್ಮೆ ಮಾರಯ್ಯನು ಶರಣರೊಡನೆ ತತ್ತ್ವಗೋಷ್ಠಿಯಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಅವನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ.

ಮಾರಯ್ಯನ ತಪ್ಪೇನು? ಅವನು ಕದಿಯಲಿಲ್ಲ; ಚೆಲ್ಲಿದುದನ್ನು ಆಯ್ದನು. ಅದರಿಂದ ಮಹಾಮನೆಗೆ ಕೊರತೆಯಾಗುವಂತಿರಲಿಲ್ಲ. ತನ್ನ ಭೋಗಕ್ಕೂ ಅವನು ತರಲಿಲ್ಲ, ತಂದುದು ದಾಸೋಹಕ್ಕೆ. ಲೋಕದ ನ್ಯಾಯದಲ್ಲಿ ಇವು ಸಾಕಾದ ಸಮಾಧಾನಗಳು. ಆದರೆ ಲಕ್ಕಮ್ಮ ನೋಡಿದ್ದು ಅಕ್ಕಿಯನ್ನಲ್ಲ, ಅದನ್ನು ಆಯ್ದ ಮನಸ್ಸನ್ನು. ಇಂದಿಗೆ ಬೇಕಾದುದನ್ನು ಮೀರಿ ಕೈ ಚಾಚಿದಾಗ ಕಾಯಕದೊಳಗೆ ಆಸೆಯು ಹೊಕ್ಕಿತು. ಸತ್ಕಾರ್ಯಕ್ಕಾಗಿ ಎಂಬ ನೆಪವು ಆ ಆಸೆಯನ್ನು ಮರೆಸಬಹುದಲ್ಲದೆ ಶುದ್ಧಗೊಳಿಸಲಾರದು. ಹೀಗೆ ಒಬ್ಬ ಬಡ ಗೃಹಿಣಿಯು ಒಂದೇ ದಿನದಲ್ಲಿ ಎರಡು ಪಾಠಗಳನ್ನು ಕಲಿಸಿದಳು: ಜ್ಞಾನಗೋಷ್ಠಿಯು ಕಾಯಕಕ್ಕೆ ಬದಲಾಗದು; ದಾಸೋಹವು ಅತಿಯಾಸೆಗೆ ಆಶ್ರಯವಾಗಬಾರದು.

ಈ ಪಾಠವು ವಿದ್ಯಾಲಯಕ್ಕೆ ನೇರವಾಗಿ ಅನ್ವಯಿಸುತ್ತದೆ. ಉಪಾಧ್ಯಾಯನು ತರಗತಿಗೆ ಸಿದ್ಧನಾಗಿ ಬರುವನೋ ಇಲ್ಲವೋ ಎಂಬುದನ್ನು ತಪಾಸಣೆಯ ಅಧಿಕಾರಿ ವರ್ಷಕ್ಕೊಮ್ಮೆ ನೋಡಿಯಾನು. ಉಳಿದ ದಿನಗಳಿಗೆ ಅವನ ಅಂತಃಸಾಕ್ಷಿಯೇ ತಪಾಸಣಾಧಿಕಾರಿ. ಉತ್ತರಪತ್ರಿಕೆಯಲ್ಲಿ ಪರಿಚಿತರ ಮಗುವಿಗೆ ಸೇರಿಸಿದ ಎರಡು ಅಂಕಗಳು ಹೆಚ್ಚಾಗಿ ಆಯ್ದ ಅಕ್ಕಿಯೇ ಸರಿ. ಅವು ಮತ್ತೊಂದು ಮಗುವಿನ ಪಾಲು. ಅಧಿಕಾರದ ಸ್ಥಾನಕ್ಕೇರಿದ ಹಳೆಯ ವಿದ್ಯಾರ್ಥಿಗೆ ಸಂಬಳವನ್ನು ಮೀರಿ ಬರುವುದೂ, ವರ್ತಕನಿಗೆ ತಕ್ಕಡಿಯ ವಾಲಿಕೆಯಿಂದ ಉಳಿಯುವುದೂ ಅಂಥದೇ. ಅದರಲ್ಲೊಂದು ಭಾಗವನ್ನು ಮಠಕ್ಕೆ ಸಲ್ಲಿಸಿದ ಮಾತ್ರಕ್ಕೆ ಅದು ದಾಸೋಹವಾಗದು. ದಾನದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭಾವ ಸುಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸ.

ಇದು ಆಚರಣೆಗೆ ಅಸಾಧ್ಯವಾದ ಆದರ್ಶವೆಂದು ಭಾವಿಸಬೇಕಾಗಿಲ್ಲ. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಪ್ರಸಾರಕ್ಕಾಗಿ ಬಿಟ್ಟುಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಏಳು ಮಂದಿ ಉಪಾಧ್ಯಾಯರ ಸಂಕಲ್ಪದಿಂದ ಮೈದಾಳಿತು. ಒಬ್ಬರಲ್ಲಿ ಸಂಪತ್ತಿತ್ತು, ಮಿಕ್ಕವರಲ್ಲಿ ದುಡಿಮೆಯಿತ್ತು. ಇಬ್ಬಗೆಯವರೂ ತಮ್ಮಲ್ಲಿದ್ದುದನ್ನು ಸಮಾಜದ್ದೆಂದೇ ತಿಳಿದರು.

ದೇಹವಳಿದ ಮೇಲೆ ಉಳಿಯುವುದೇನೆಂಬ ಪ್ರಶ್ನೆಗೆ ಶಾಸ್ತ್ರಗಳು ಉತ್ತರ ಹೇಳುತ್ತವೆ. ದೇಹವಿರುವಾಗಲೇ ಜೀವನು ಯಾವ ಕಡೆಗೆ ಸಾಗುತ್ತಿರುವನೆಂಬುದನ್ನಾದರೋ ಅವನ ಅಂದಂದಿನ ಲೆಕ್ಕವೇ ಹೇಳುತ್ತದೆ. ಸಂಜೆಯ ಲಿಂಗಪೂಜೆಗೆ ಕುಳಿತವನು, ಆ ದಿನ ತಾನು ತಂದ ಅಕ್ಕಿ ಎಷ್ಟು, ಅದರಲ್ಲಿ ತಿರುಗಿ ಸುರಿದು ಬರಬೇಕಾದುದೆಷ್ಟು ಎಂದು ಒಮ್ಮೆ ಎಣಿಸಿದರೆ, ಅಂಗವು ಲಿಂಗದತ್ತ ಒಂದು ಹೆಜ್ಜೆ ಇಟ್ಟಂತೆ. ವಿದ್ಯಾರ್ಥಿಗಳಿಗೆ ಈ ಎಣಿಕೆಯನ್ನು ರೂಢಿಮಾಡಿಸುವುದು ಗುರುಹಿರಿಯರೆಲ್ಲರ ಹೊಣೆ.