ಬಟ್ಟೆ ಕಳುಹಿಸಿದರೆ ಸಾಕಾ?

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಎಸ್ತೇರಳು 3:8–15, 4:1–16

ಎಸ್ತೇರಳ ಪುಸ್ತಕ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ, ಸರಿನಾ?

ಎಸ್ತೇರಳು ಅಂದ ಕೂಡಲೇ ನಮಗೆಲ್ಲ 4:14 ನೆನಪಾಗುತ್ತೆ. ಇವತ್ತು ಅದಕ್ಕೂ ಮುಂಚಿನ 4ನೇ ವಚನ ನೋಡೋಣ. ಆದರೆ ಮೊದಲು 3ನೇ ಅಧ್ಯಾಯ.

ಹಾಮಾನನ ದ್ವೇಷ ಒಬ್ಬನ ಮೇಲಿನ ಸಿಟ್ಟಾಗಿ ಶುರುವಾಯಿತು. ಮೊರ್ದೆಕೈ ಅವನಿಗೆ ಅಡ್ಡಬೀಳಲಿಲ್ಲ, ಅಷ್ಟೇ. ಆ ಸಿಟ್ಟು ಇಡೀ ಜನಾಂಗದ ಮೇಲೆ ತಿರುಗಿತು. ಹೇಗೆ? 8ನೇ ವಚನ: ಒಂದು ಜನ ಇದ್ದಾರೆ, ಅವರ ನಿಯಮಗಳೇ ಬೇರೆ, ಅವರನ್ನು ಸುಮ್ಮನೆ ಬಿಡೋದು ರಾಜನಿಗೆ ಒಳ್ಳೇದಲ್ಲ ಅಂತಾನೆ. ಗಮನಿಸಿ, ಆ ಜನದ ಹೆಸರನ್ನೂ ಹೇಳಲ್ಲ! 9ನೇ ವಚನದಲ್ಲಿ ಹಣ, 10,000 ತಲಾಂತು ಬೆಳ್ಳಿ. 12ರಲ್ಲಿ ಎಲ್ಲಾ ಭಾಷೆಗಳಲ್ಲಿ ಪತ್ರಗಳು. 13ರಲ್ಲಿ ಕೊಲ್ಲೋದಕ್ಕೆ ಒಂದು ದಿನಾಂಕ. ಸುಳ್ಳು, ಹಣ, ಪ್ರಚಾರ, ಪ್ಲಾನ್. ಸಂಘಟಿತ ದ್ವೇಷ ಅಂದ್ರೆ ಇದೇ. ಇವತ್ತಿಗೂ ಅದು ಹೀಗೇ ನಡೆಯುತ್ತೆ.

ಈಗ 4:4. ಮೊರ್ದೆಕೈ ಗೋಣಿತಟ್ಟು ಕಟ್ಟಿಕೊಂಡು ಅರಮನೆಯ ಬಾಗಿಲ ಹತ್ತಿರ ಗೋಳಾಡ್ತಿದ್ದಾನೆ. ಒಳಗಿರುವ ಎಸ್ತೇರಳಿಗೆ ಸುದ್ದಿ ಬಂತು. ಅವಳಿಗೆ ತುಂಬಾ ದುಃಖವಾಯಿತು. ಏನು ಮಾಡಿದಳು? ಬಟ್ಟೆ ಕಳುಹಿಸಿದಳು. ಅವನು ತೆಗೆದುಕೊಳ್ಳಲಿಲ್ಲ.

ಪ್ರಿಯರೇ, ಎಸ್ತೇರಳ ಪ್ರೀತಿ ಸುಳ್ಳಲ್ಲ. ಆದರೆ ಅವಳಿನ್ನೂ ಅರಮನೆಯ ಒಳಗೇ ಇದ್ದಾಳೆ. ತಾನೂ ಯೆಹೂದ್ಯಳು ಅನ್ನೋದನ್ನು ಯಾರಿಗೂ ಹೇಳಿಲ್ಲ.

ನನ್ನದೇ ಒಂದು ವಿಷಯ ಹೇಳ್ತೀನಿ. 2012ರ ಆಗಸ್ಟ್. ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತೆ ಅಂತ ಎಸ್ಸೆಮ್ಮೆಸ್ ಹಬ್ಬಿತು. ಸಾವಿರಾರು ಜನ ಬ್ಯಾಗ್ ಹಿಡಿದು ರೈಲ್ವೆ ಸ್ಟೇಷನ್‌ಗೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ನಮ್ಮ ಕೂಟಕ್ಕೆ ಮಣಿಪುರದ ಒಬ್ಬ ತಮ್ಮ ಬರ್ತಿದ್ದ, ಹಿಂದಿನ ಸಾಲಲ್ಲಿ ಕೂರ್ತಿದ್ದ. ನಾನು ಆ ಮೆಸೇಜ್ ಫಾರ್ವರ್ಡ್ ಮಾಡಲಿಲ್ಲ. ಅವನಿಗಾಗಿ ಪ್ರಾರ್ಥನೆ ಮಾಡಿದೆ. ಆದರೆ ಒಂದು ಫೋನ್ ಮಾಡಲಿಲ್ಲ. "ನಮ್ಮ ಮನೆಗೆ ಬಾ" ಅನ್ನಲಿಲ್ಲ. ಮುಂದಿನ ಭಾನುವಾರ ಆ ಕುರ್ಚಿ ಖಾಲಿ ಇತ್ತು. ಅವನು ವಾಪಸ್ ಬರಲೇ ಇಲ್ಲ. ಆವತ್ತು ನಾನು ಬಟ್ಟೆ ಕಳುಹಿಸಿದೆ, ಅಷ್ಟೇ.

ಹಾಗಾದರೆ ಅರಮನೆಯಿಂದ ಹೊರಗೆ ಬರೋದು ಅಂದ್ರೆ ಏನು? ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಪಟ್ಟಣದಲ್ಲಿ 1993ರಲ್ಲಿ ನಡೆದದ್ದು ಕೇಳಿ. ಬಿಳಿಯರೇ ಶ್ರೇಷ್ಠರು ಅನ್ನುವ ಗುಂಪುಗಳು ಅಲ್ಲಿ ತಲೆ ಎತ್ತಿದ್ದವು. ಕಪ್ಪು ಜನರ ಒಂದು ಚಿಕ್ಕ ಸಭೆಯ ಆರಾಧನೆಗೆ ಬಂದು ಹೆದರಿಸಲು ನಿಂತರು. ಬೇರೆ ಸಭೆಗಳ ವಿಶ್ವಾಸಿಗಳು ಬಂದು ಆ ಸಭೆಯವರ ಜೊತೆ ಕುಳಿತರು. ಒಬ್ಬ ಮೂಲನಿವಾಸಿ ಮಹಿಳೆಯ ಮನೆಗೋಡೆ ಮೇಲೆ ದ್ವೇಷದ ಮಾತು ಬರೆದರು. ಪೇಂಟರ್‌ಗಳ ಯೂನಿಯನ್‌ನವರು ಬಂದು ಉಚಿತವಾಗಿ ಬಣ್ಣ ಬಳಿದರು.

ಡಿಸೆಂಬರ್‌ನಲ್ಲಿ ಒಂದು ಯೆಹೂದ್ಯ ಮನೆಯ ಕಿಟಕಿಗೆ ಕಲ್ಲು ಬಿತ್ತು. ಅದು ಚಿಕ್ಕ ಹುಡುಗನ ಕೋಣೆ. ಹನುಕ್ಕಾ ಹಬ್ಬಕ್ಕೆ ಕಿಟಕಿಯಲ್ಲಿ ಮೆನೋರಾ, ಅಂದ್ರೆ ಕವಲುಗಳ ದೀಪಸ್ತಂಭ, ಇಟ್ಟಿದ್ದರು. ಪತ್ರಿಕೆಯೊಂದು ಮೆನೋರಾ ಚಿತ್ರವನ್ನು ಪೂರ್ತಿ ಪುಟಕ್ಕೆ ಅಚ್ಚು ಮಾಡಿತು. ಸಂಡೇ ಸ್ಕೂಲ್ ಮಕ್ಕಳೂ ಬಿಡಿಸಿದರು. ಸುಮಾರು 10,000 ಮನೆಗಳ ಕಿಟಕಿಯಲ್ಲಿ ಆ ಚಿತ್ರ ಬಂತು! ಕ್ರೈಸ್ತರ ಮನೆಗಳು, ಸಭೆಗಳು. ದ್ವೇಷದವರು ಸುಮ್ಮನಿರಲಿಲ್ಲ, ಅವರ ಗಾಜುಗಳನ್ನೂ ಒಡೆದರು. ಆಮೇಲೆ ಇನ್ನೂ ಹೆಚ್ಚು ಮನೆಗಳಲ್ಲಿ ಚಿತ್ರ ಅಂಟಿಸಿದರು.

ಅರ್ಥ ಆಯ್ತಾ? ಅವರು ದೂರದಿಂದ ಅಯ್ಯೋ ಪಾಪ ಅನ್ನಲಿಲ್ಲ. ಆ ಹುಡುಗನಿಗೆ ಬಿದ್ದ ಕಲ್ಲು ನಮ್ಮ ಕಿಟಕಿಗೂ ಬೀಳಲಿ ಅಂದರು. ಇಬ್ರಿಯರಿಗೆ 13:3 ಹೇಳೋದು ಇದನ್ನೇ. ಸೆರೆಯಲ್ಲಿರುವವರನ್ನು ನೆನಸುವಾಗ, ನಾವೂ ಅವರ ಜೊತೆ ಸೆರೆಯಲ್ಲಿದ್ದೇವೆ ಅಂತ ನೆನಸಬೇಕು.

ನಮ್ಮ ಕರ್ತನನ್ನು ನೋಡಿ. ಪರಲೋಕದಿಂದ ನಮಗೆ ಬಟ್ಟೆ ಕಳುಹಿಸಿ ಸುಮ್ಮನಾದನಾ? ಇಲ್ಲ. ನಮ್ಮ ರಕ್ತಮಾಂಸವನ್ನೇ ಧರಿಸಿಕೊಂಡು ಬಂದನು. ನಮಗೆ ಬೀಳಬೇಕಾದ ಏಟನ್ನು ತಾನೇ ತಿಂದನು. ಹಲ್ಲೆಲೂಯಾ!

ಈ ವಾರ ಮೂರು ಕೆಲಸ ಮಾಡಿ.

1. ಕೇಳಿರಿ. ಬಟ್ಟೆ ವಾಪಸ್ ಬಂದ ಮೇಲೆ ಎಸ್ತೇರಳು ಹತಾಕನನ್ನು ಕಳುಹಿಸಿ, ಏನಾಯಿತು, ಯಾಕಾಯಿತು ಅಂತ ವಿಚಾರಿಸಿದಳು (4:5). ಒಂದು ಜನಾಂಗ, ಜಾತಿ, ಧರ್ಮದ ಬಗ್ಗೆ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಆ ಜನರಲ್ಲಿ ಒಬ್ಬರ ಹತ್ತಿರ ಕೂತು ಕೇಳಿ. ಅವರು ನಮ್ಮ ಸಭೆಯವರಾ ಅಂತ ನೋಡಬೇಡಿ. ಆ ಸಮಾರ್ಯದವನು ನೋಡಲಿಲ್ಲ.

2. ಪಕ್ಕದಲ್ಲಿ ನಿಲ್ಲಿರಿ. ಪಿಜಿಯಲ್ಲಿ, ಆಫೀಸಿನಲ್ಲಿ ಒಬ್ಬರ ಜಾತಿಯನ್ನೋ ಮುಖವನ್ನೋ ಹಿಡಿದು ನಗುವಾಗ, ನಗದೆ ಇರೋದು ಸಾಲದು. "ಇದು ತಪ್ಪು" ಅನ್ನಿ. ಅವರ ಜೊತೆ ಊಟಕ್ಕೆ ಕೂರಿ. ದೂರು ಕೊಡಬೇಕಾದರೆ ಜೊತೆಗೆ ಹೋಗಿ.

3. ಒಂಟಿಯಾಗಿ ಹೋಗಬೇಡಿ. ಎಸ್ತೇರಳು ಮೂರು ದಿನ ಎಲ್ಲರಿಂದ ಉಪವಾಸ ಮಾಡಿಸಿದಳು. ಆಮೇಲೆ ಎದ್ದು ಹೋದಳು. ಪ್ರಾರ್ಥನೆ ಕೆಲಸಕ್ಕೆ ಬದಲಿ ಅಲ್ಲ. ಅದು ಹೋಗೋದಕ್ಕೆ ಬಲ.

ಒಂದು ಎಚ್ಚರಿಕೆ. ಹಾಮಾನನನ್ನು ಎದುರಿಸುತ್ತಾ ನಾವೇ ಹಾಮಾನರಾಗಬಾರದು. ಕೆಟ್ಟದ್ದನ್ನು ಒಳ್ಳೇದರಿಂದ ಗೆಲ್ಲಬೇಕು ಅನ್ನುತ್ತೆ ರೋಮಾಪುರ 12:21.

ಕಣ್ಣು ಮುಚ್ಚೋಣ. ನಿಮ್ಮ ಜೀವನದಲ್ಲಿ ಖಾಲಿಯಾಗಿರುವ ಆ ಕುರ್ಚಿ ಯಾರದು? ಪವಿತ್ರಾತ್ಮನು ಈಗ ಒಂದು ಹೆಸರು ನೆನಪಿಸಿದರೆ, ಇವತ್ತೇ ಫೋನ್ ಮಾಡಿ.

ಕರ್ತನೇ, ನಮ್ಮ ಭಯವನ್ನು ಕ್ಷಮಿಸು. ಅರಮನೆಯಿಂದ ಹೊರಗೆ ಬರುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.