ಅಪ್ಪನ ಫಿಯೆಟ್ಟಿಗೆ ಎಷ್ಟು ಬೆಲೆ ಬರೆಸಬೇಕು?

ಹೊಸ ಕಾರಿಗೆ ವಿಮೆ ಮಾಡಿಸುವಾಗ ನಾವು ಚೌಕಾಸಿ ಮಾಡುವುದು ಪ್ರೀಮಿಯಂ ವಿಷಯದಲ್ಲಿ. ಹಳೆಯ ಕಾರಿಗೆ ಮಾಡಿಸುವಾಗ ಚೌಕಾಸಿ ಮಾಡಬೇಕಾದದ್ದು ಕಾರಿನ ಬೆಲೆಯ ವಿಷಯದಲ್ಲಿ. ಪಾಲಿಸಿಯ ಮೊದಲ ಪುಟದಲ್ಲಿ ಐಡಿವಿ ಎಂದು ಬರೆದು ಅದರ ಎದುರು ಒಂದು ಅಂಕಿ ಹಾಕಿರುತ್ತಾರೆ. ಕಾರು ಕಳುವಾದರೆ, ಸುಟ್ಟುಹೋದರೆ, ರಿಪೇರಿಗೆ ಸಿಗದಷ್ಟು ಜಜ್ಜಿಹೋದರೆ ಕಂಪನಿ ಹೆಚ್ಚೆಂದರೆ ಕೊಡುವುದು ಅಷ್ಟು. ಕಾರಿಗೆ ಐದು ವರ್ಷ ತುಂಬುವವರೆಗೆ ಆ ಅಂಕಿಗೆ ಒಂದು ಲೆಕ್ಕವಿದೆ. ಕಾರು ತಯಾರಕರ ಮಾರಾಟ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ 5 ಸವಕಳಿ ಕಳೆಯಲು ಶುರು ಮಾಡಿ, ಐದನೇ ವರ್ಷಕ್ಕೆ ಶೇ 50ರವರೆಗೆ ಹೋಗುತ್ತಾರೆ. ಐದು ವರ್ಷ ದಾಟಿದ ಕಾರು ಅಥವಾ ತಯಾರಿಕೆಯೇ ನಿಂತುಹೋದ ಮಾದರಿಯಾದರೆ 2002ರ ಮೋಟಾರ್ ಟ್ಯಾರಿಫ್ ಹೇಳುವುದು ಇಷ್ಟೇ: ಬೆಲೆಯನ್ನು ವಿಮಾ ಕಂಪನಿ ಮತ್ತು ಮಾಲೀಕ ಪರಸ್ಪರ ಒಪ್ಪಿ ನಿಗದಿ ಮಾಡಿಕೊಳ್ಳಬೇಕು. ಸ್ವಂತ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ ದರಗಳು 2007ರಲ್ಲೇ ಟ್ಯಾರಿಫ್‌ನ ಹಿಡಿತದಿಂದ ಬಿಡುಗಡೆಯಾದವು, ಆದರೆ ಪಾಲಿಸಿಯ ಷರತ್ತುಗಳು ಇವತ್ತಿಗೂ ಬಹುಪಾಲು ಅಲ್ಲಿಂದಲೇ ಬಂದವು.

ಇದರ ಜೊತೆಗೆ ಇನ್ನೊಂದು ಸಾಲಿದೆ, ನನಗೆ ಅದು ಇಡೀ ಪಾಲಿಸಿಯಲ್ಲೇ ಮುಖ್ಯವಾದದ್ದು. ಹಾಗೆ ಒಪ್ಪಿ ಬರೆದ ಐಡಿವಿಯನ್ನೇ ಪಾಲಿಸಿಯ ಅವಧಿಯುದ್ದಕ್ಕೂ ಕಾರಿನ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು, ಕಾರು ಪೂರ್ತಿ ನಷ್ಟವಾದಾಗ ಮತ್ತೆ ಸವಕಳಿ ಕಳೆಯುವಂತಿಲ್ಲ. ಅಂದರೆ, ಹಳೆಯ ಕಾರಿನ ಮಾಲೀಕನಿಗೆ ಬೇಕಾದ ರಕ್ಷಣೆ ಇಲ್ಲಿನ ಸಾಮಾನ್ಯ ಪಾಲಿಸಿಯಲ್ಲೇ ಇದೆ. ಕೇಳಿ ಪಡೆಯಬೇಕು, ಅಷ್ಟೇ.

ನಮ್ಮ ಮನೆಯಲ್ಲಿರುವುದು 1971ರ ಫಿಯೆಟ್ 1100 ಡಿಲೈಟ್. ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯದು. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಊರೂರಲ್ಲಿ ಓಡಾಡಿದ ಕಾರಿನ ಅಕ್ಕ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಂವೈ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರು. ಅಪ್ಪ ಅದನ್ನು ಸಾಕಿದರು ಎಂದೇ ಹೇಳಬೇಕು. ಭಾನುವಾರ ನಂಜನಗೂಡಿಗೆ, ಹಬ್ಬಕ್ಕೆ ದೇವರಾಜ ಮಾರುಕಟ್ಟೆಗೆ, ಮದುವೆ ಮುಂಜಿಗೆ ಅದರಲ್ಲೇ ಹೋಗುತ್ತಿದ್ದೆವು, ಈಗಲೂ ಹೋಗುತ್ತೇವೆ. ಅವರು ತೀರಿಕೊಂಡ ಮೇಲೆ ಕಾರು, ಕಾರಿನ ಕಾಗದ ಎರಡೂ ನನ್ನ ಪಾಲಿಗೆ ಬಂದವು.

ಕಾಗದದ ಮಾತು ಮೊದಲು. ಕಾರಿನ ಮಾಲೀಕ ತೀರಿಕೊಂಡ ಕ್ಷಣಕ್ಕೆ ಪಾಲಿಸಿ ಸಾಯುವುದಿಲ್ಲ. ಮೂರು ತಿಂಗಳು, ಅಥವಾ ಪಾಲಿಸಿಯ ಅವಧಿ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ, ಜೀವಂತವಾಗಿರುತ್ತದೆ. ಅಷ್ಟರೊಳಗೆ ಆರ್‌ಟಿಓದಲ್ಲಿ ಫಾರಂ 31 ಕೊಟ್ಟು ಆರ್‌ಸಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು, ವಿಮಾ ಕಂಪನಿಗೂ ಮರಣ ಪ್ರಮಾಣಪತ್ರ ಕೊಟ್ಟು ಪಾಲಿಸಿ ವರ್ಗಾಯಿಸಿಕೊಳ್ಳಬೇಕು. ಸೂತಕ ಕಳೆದು ಮನೆ ತಹಬಂದಿಗೆ ಬರುವುದರೊಳಗೆ ಈ ಮೂರು ತಿಂಗಳು ಕರಗಿಹೋಗುತ್ತವೆ, ಹಾಗಾಗಿ ಬ್ಯಾಂಕ್ ಕೆಲಸದ ಜೊತೆಗೇ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿಗೆ ಕಾರು ಬಂದಾಗ ತೀರಿಕೊಂಡವರು ಗಳಿಸಿದ್ದ ನೋ ಕ್ಲೇಮ್ ಬೋನಸ್ ಕೂಡ ಬರುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕು.

ಯಾರ ಹೆಸರಿಗೆ ಮಾಡಿಸುವುದು ಎಂಬುದೂ ವಿಮೆಯ ಪ್ರಶ್ನೆಯೇ. “ನನ್ನ ಹೆಸರಿಗೇ ಇರಲಿ ಬಿಡೋ, ಅವರ ನೆನಪು” ಎಂದರು ಅಮ್ಮ. ಅವರ ಆಸೆ ನ್ಯಾಯವಾದದ್ದೇ. ಆದರೆ ಕಾರಿನ ಮಾಲೀಕರಿಗೆ ಸಿಗುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ, ಮಾಲೀಕರ ಬಳಿ ಚಾಲನಾ ಪರವಾನಗಿ ಇದ್ದರೆ ಮಾತ್ರ. ಅಮ್ಮನಿಗೆ ಪರವಾನಗಿ ಇಲ್ಲ. ಇದನ್ನು ಬಿಡಿಸಿ ಹೇಳಿದ ಮೇಲೆ ಅವರೇ ಸಹಿ ಹಾಕಿಕೊಟ್ಟರು.

ಇನ್ನು ಯಾವ ಪಾಲಿಸಿ? “ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯೋ ಕಾರಿಗೆ ಥರ್ಡ್ ಪಾರ್ಟಿ ಸಾಕು ಬಿಡು” ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಷ್ಟಂತೂ ಬೇಕೇ ಬೇಕು. 1000ದಿಂದ 1500 ಸಿಸಿ ಕಾರಿಗೆ 2022ರ ಜೂನ್‌ನಿಂದ ಅದರ ದರ 3416 ರೂಪಾಯಿ, ಮೇಲೆ ಜಿಎಸ್‌ಟಿ. ಕಡಿಮೆ ಮೊತ್ತ, ಕಾನೂನಿನ ಕಣ್ಣಿಗೂ ಸರಿ. ನಾನು ಒಪ್ಪದಿರಲು ಕಾರಣ ಕಾರಿನ ತಗಡಲ್ಲ, ಒಳಗೆ ಕೂರುವ ಜನ. ಪ್ಯಾಕೇಜ್ ಪಾಲಿಸಿ, ನಮ್ಮ ಆಡುಮಾತಿನ ಫುಲ್ ಇನ್ಶೂರೆನ್ಸ್, ಬಾಡಿಗೆ ಕೊಡದೆ ಕಾರಿನಲ್ಲಿ ಕುಳಿತವರ ಹೊಣೆಯನ್ನೂ ಹೊರುತ್ತದೆ. ಕಾನೂನಿಗೆ ಬೇಕಾದಷ್ಟೇ ಕೊಡುವ ಆಕ್ಟ್ ಪಾಲಿಸಿಯಲ್ಲಿ ಅವರಿಗೆ ಆ ರಕ್ಷಣೆ ಇಲ್ಲವೆಂಬ ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಫಿಯೆಟ್ಟಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟಿಲ್ಲ, ಬ್ರೇಕು ಒತ್ತಿದರೆ ಇಂದಿನ ಕಾರು ನಿಲ್ಲುವ ದೂರದಲ್ಲಿ ಅದು ನಿಲ್ಲುವುದಿಲ್ಲ. ಹಿಂದೆ ಕೂರುವವರು ಅಮ್ಮ ಮತ್ತು ಮಕ್ಕಳು. ಅಪಾಯ ಹೆಚ್ಚಿರುವ ಕಾರಿಗೆ ರಕ್ಷಣೆ ಕಡಿಮೆ ಮಾಡುವುದು ನನಗೆ ಸರಿಕಾಣುವುದಿಲ್ಲ.

ಪ್ಯಾಕೇಜ್ ಎಂದು ತೀರ್ಮಾನಿಸಿದ ಮೇಲೆ ಬೆಲೆಯ ಮಾತು. ಆನ್‌ಲೈನಿನಲ್ಲಿ ಮಾದರಿಗಳ ಪಟ್ಟಿಯಲ್ಲಿ ಡಿಲೈಟ್ ಹೆಸರೇ ಸಿಗಲಿಲ್ಲ, ಆದ್ದರಿಂದ ಶಾಖೆಗೇ ಹೋದೆ. ಅಲ್ಲಿನ ಅಧಿಕಾರಿ ಕಂಪ್ಯೂಟರ್ ನೋಡಿ, “ಸಾರ್, ಹಿಂದಿನ ವರ್ಷದ್ದು ನಲವತ್ತು ಸಾವಿರ ಇದೆ, ಅದನ್ನೇ ಹಾಕ್ಲಾ?” ಎಂದು ಕೇಳಿದರು. ಐಡಿವಿ ಕಡಿಮೆಯಾದರೆ ಪ್ರೀಮಿಯಂ ಉಳಿಯುತ್ತದೆ, ಆದ್ದರಿಂದ ಬಹಳ ಮಂದಿ ಇಲ್ಲಿ ತಲೆಯಾಡಿಸುತ್ತಾರೆ. ಆದರೆ ನಲವತ್ತು ಸಾವಿರದ ಅಪಾಯ ಕಡಿಮೆ ಪರಿಹಾರದಲ್ಲಿ ಮುಗಿಯುವುದಿಲ್ಲ. ರಿಪೇರಿ ಖರ್ಚು ಐಡಿವಿಯ ಶೇ 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವೆಂದು ಲೆಕ್ಕ. ನಲವತ್ತು ಸಾವಿರಕ್ಕೆ ಶೇ 75 ಎಂದರೆ 30,000. ಒಂದು ಫೆಂಡರು, ಒಂದು ಬಾಗಿಲು, ಟಿಂಕರಿಂಗ್, ಪೇಂಟಿಂಗ್ ಎಂದರೆ ಇವತ್ತು ಅಷ್ಟಾಗುವುದು ಕಷ್ಟವಲ್ಲ. ಐವತ್ತು ವರ್ಷ ಓಡಿದ, ಇನ್ನೂ ಓಡಬಲ್ಲ ಕಾರು ಒಂದು ಪಕ್ಕದ ಪೆಟ್ಟಿಗೆ ಕಾಗದದ ಮೇಲೆ ಗುಜರಿಯಾಗಿಬಿಡುತ್ತದೆ.

ಹಾಗಾಗಿ ನಾನು ಕಾಗದ ಕೂಡಿಸಿಕೊಂಡೆ. ಪರವಾನಗಿ ಇರುವ ಸರ್ವೇಯರ್ ಒಬ್ಬರಿಂದ ಮೌಲ್ಯಮಾಪನ ವರದಿ. ಛಾಸಿ ನಂಬರು, ಎಂಜಿನ್ ನಂಬರು, ಕಾರಿನ ತಳ, ಒಳಗಿನ ಸೀಟು, ಡ್ಯಾಶ್‌ಬೋರ್ಡ್ ಎಲ್ಲದರ ಫೋಟೊ. ಅಪ್ಪ ಜೋಪಾನವಾಗಿಟ್ಟಿದ್ದ ಬಿಲ್ಲುಗಳು, ಅದರಲ್ಲಿ ಬೆಂಗಳೂರಿನ ಜೆಸಿ ರಸ್ತೆಯಿಂದ ತಂದ ಬಿಡಿಭಾಗಗಳವೂ ಇದ್ದವು. ಇಂಥದೇ ಸ್ಥಿತಿಯ ಫಿಯೆಟ್‌ಗಳು ಮಾರಾಟಕ್ಕಿದ್ದ ಜಾಹೀರಾತುಗಳು. ವರದಿಯ ಬೆಲೆಯನ್ನು ಕಂಪನಿ ಪೂರ್ತಿ ಒಪ್ಪಲಿಲ್ಲ. ಅವರ ಕಡೆಯವರು ಮನೆಗೆ ಬಂದು ಕಾರು ನೋಡಿದರು, ಮಾತುಕತೆಯಾಗಿ ಮೂರು ಲಕ್ಷಕ್ಕೆ ನಿಂತಿತು. ಈಗ ರಿಪೇರಿ 2,25,000 ದಾಟಿದರೆ ಮಾತ್ರ ಕಾರು ಕೈಬಿಡಬೇಕಾದೀತು. ಇನ್ನೂ ಹೆಚ್ಚು ಬರೆಸುವ ಆಸೆ ಸಹಜ. ಪ್ರತಿ ವರ್ಷ ಪ್ರೀಮಿಯಂ ತೆರಬೇಕಾದ್ದರಿಂದ, ಇಂಥದೇ ಇನ್ನೊಂದು ಕಾರು ಕೊಂಡು ರಸ್ತೆಗಿಳಿಸಲು ತಗಲುವ ಹಣದಷ್ಟಿದ್ದರೆ ಸಾಕೆಂಬುದು ನನ್ನ ಅಳತೆ. ನೆನಪಿಗೆ ವಿಮೆ ಮಾಡಿಸಲಾಗದು.

ಸಣ್ಣಪುಟ್ಟ ಪೆಟ್ಟಿಗೆ ಈ ಪಾಲಿಸಿಯಿಂದ ಹೆಚ್ಚು ನಿರೀಕ್ಷಿಸಬಾರದು. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಕ್ಲೇಮ್‌ನಲ್ಲಿ ಶೇ 50 ಸವಕಳಿ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಯಾವ ವಯಸ್ಸಿಗೂ ಶೇ 50. ಗಾಜಿಗೆ ಕಡಿತವಿಲ್ಲ, ಇದೊಂದು ಸಮಾಧಾನ. ಪೇಂಟಿಂಗ್ ಬಿಲ್ಲು ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಎಂದಿಟ್ಟುಕೊಂಡು ಅದರಲ್ಲಿ ಅರ್ಧ ಕಳೆಯುತ್ತಾರೆ. ಸವಕಳಿ ಕಳೆಯದ ಜೀರೊ ಡೆಪ್ರಿಸಿಯೇಷನ್ ಸೌಲಭ್ಯವನ್ನು ಇಷ್ಟು ಹಳೆಯ ಕಾರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಹೋದ ವರ್ಷ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಸ್ಕೂಟರೊಂದು ತಗುಲಿ ಬಂಪರ್ ಬಾಗಿತು, ಟೈಲ್ ಲ್ಯಾಂಪಿನ ಪಕ್ಕ ತಗ್ಗು ಬಿತ್ತು. ಸ್ಕೂಟರಿನ ಹುಡುಗನಿಗೆ ಏನೂ ಆಗಲಿಲ್ಲ. ಗ್ಯಾರೇಜಿನವರು ಕೊಟ್ಟ ಅಂದಾಜು: ಬಿಡಿಭಾಗಕ್ಕೆ 5,000, ಟಿಂಕರಿಂಗ್‌ಗೆ 3,000, ಪೇಂಟಿಂಗ್‌ಗೆ 6,000. ಕ್ಲೇಮ್ ಹಾಕಿದ್ದರೆ ಭಾಗಗಳಿಗೆ 2,500, ಟಿಂಕರಿಂಗ್ ಪೂರ್ತಿ 3,000, ಪೇಂಟಿಂಗ್‌ಗೆ 5,250. ಒಟ್ಟು 10,750ರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಹೋಗಿ 9,750 ರೂಪಾಯಿ ಕೈಗೆ. ಈಗ ಇನ್ನೊಂದು ಬದಿ. ನನಗಿದ್ದ ನೋ ಕ್ಲೇಮ್ ಬೋನಸ್ ಶೇ 50. ಒಂದು ಕ್ಲೇಮ್ ಹಾಕಿದರೆ ಅದು ಸೊನ್ನೆಗಿಳಿದು ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಿ 50 ತಲುಪಬೇಕು. ಆ ವರ್ಷಗಳಲ್ಲಿ ತಪ್ಪಿಹೋಗುವ ರಿಯಾಯಿತಿಯನ್ನು ಕೂಡಿದರೆ 50, 30, 25, 15, 5. ಒಟ್ಟು ಶೇ 125. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು. ನನ್ನ ಕಾರಿಗೆ ಅದು ಸುಮಾರು 8,000, ಒಂದೂಕಾಲು ಪಟ್ಟು ಎಂದರೆ 10,000. ಬರುವುದು 9,750, ಹೋಗುವುದು 10,000. ಕೈಯಿಂದಲೇ ಖರ್ಚು ಮಾಡಿದೆ. ಶೇ 50 ಬೋನಸ್ ಇರುವ ಯಾರೇ ಆಗಲಿ ಈ ಒಂದೂಕಾಲು ಪಟ್ಟಿನ ಲೆಕ್ಕ ಹಾಕಿಯೇ ಕ್ಲೇಮ್ ಫಾರಂ ಮುಟ್ಟಬೇಕು.

ಹಾಗಾದರೆ ಓನ್ ಡ್ಯಾಮೇಜ್ ಏಕೆ? ದೊಡ್ಡ ಪೆಟ್ಟಿಗೆ. ಮೈಸೂರಿನಲ್ಲಿ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಸಾಲುಮರಗಳು ಉರುಳುತ್ತವೆ. ಹಳೆಯ ಕಾರಿಗೆ ಬೆಂಕಿಯ ಭಯವೂ ಹೆಚ್ಚು: ಬಿರುಕುಬಿಟ್ಟ ವೈರಿಂಗ್, ಗಟ್ಟಿಯಾದ ಪೆಟ್ರೋಲ್ ಹೋಸು. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಬೇಗ ಹಾಳುಮಾಡುತ್ತದೆ. ಸವೆತ ಮತ್ತು ಎಂಜಿನ್ ಕೈಕೊಡುವುದು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ಹೋಸು, ವೈರಿಂಗ್ ಬದಲಿಸುವ ಖರ್ಚು ನಾವೇ ಮಾಡಬೇಕು. ಪ್ರೀಮಿಯಂನಷ್ಟೇ ಅಗತ್ಯವಾದ ಖರ್ಚದು. ಕಾರು ಶೆಡ್ಡಿನಿಂದ ಹೊರಬರುವುದೇ ಇಲ್ಲ ಎನ್ನುವವರಿಗೆ ಥರ್ಡ್ ಪಾರ್ಟಿಯ ಜೊತೆಗೆ ಬೆಂಕಿ ಮತ್ತು ಕಳವಿಗೆ ಮಾತ್ರ ರಕ್ಷಣೆ ಸೇರಿಸುವ ಅವಕಾಶ ಟ್ಯಾರಿಫ್‌ನಲ್ಲಿದೆ. ಎಂಜಿನ್ ಬಿಚ್ಚಿ ತಿಂಗಳುಗಟ್ಟಲೆ ಕೂರಿಸುವಾಗ, ಕನಿಷ್ಠ ಎರಡು ತಿಂಗಳಾದರೆ, ಮೊದಲೇ ತಿಳಿಸಿ ಆ ಅವಧಿಗೆ ರಕ್ಷಣೆ ಕುಗ್ಗಿಸಿಕೊಳ್ಳುವ ಷರತ್ತೂ ಇದೆ.

ಕಾರನ್ನು ಏನಕ್ಕೆ ಬಳಸುತ್ತೇವೆ ಎಂಬಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಹಳೆಯ ಕಾರೆಂದರೆ ಮದುವೆಯವರು ಕೇಳುತ್ತಾರೆ, ಸಿನಿಮಾದವರು ಕೇಳುತ್ತಾರೆ. ಸೋದರಮಾವನ ಮಗಳ ಮದುವೆಗೆ ಹೂವು ಕಟ್ಟಿ ಕಳಿಸಿದೆ, ಅದಕ್ಕೆ ಅಡ್ಡಿಯಿಲ್ಲ. ದುಡ್ಡು ತೆಗೆದುಕೊಂಡರೆ ಅದು ಬಾಡಿಗೆ, ಖಾಸಗಿ ಕಾರಿನ ಪಾಲಿಸಿ ಅದನ್ನು ಒಪ್ಪುವುದಿಲ್ಲ. ಸ್ಪರ್ಧೆ, ವೇಗಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳೂ ಹೊರಗೇ. ರ‍್ಯಾಲಿಗೆ ಹೋಗುವವರು ದಿನಾಂಕ, ಜಾಗ, ಸಂಘಟಕರ ಹೆಸರು ಕೊಟ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಐಎಂಟಿ 31 ಎಂಬ ಸೇರ್ಪಡೆ ಸಿಗುತ್ತದೆ. ಆರ್‌ಸಿ ಅವಧಿಯನ್ನೂ ನೋಡಿಕೊಳ್ಳಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ವಾಹನದ ಕ್ಲೇಮ್ ನಿರಾಕರಿಸಿದ್ದು ಸರಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಯದಾಗಿ ವಿಂಟೇಜ್ ನೋಂದಣಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಇದು ಸಿಗುತ್ತದೆ. ಶುಲ್ಕ 20,000, ಅವಧಿ ಹತ್ತು ವರ್ಷ, ಹಳೆಯ ನಂಬರ್ ಉಳಿಸಿಕೊಳ್ಳಬಹುದು. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿ: ನಮ್ಮ ಕಾರಿಗೆ ವರ್ಷಕ್ಕೆ 1,708, ಶೇ 18 ಜಿಎಸ್‌ಟಿ ಸೇರಿಸಿದರೆ 2,015, ಹತ್ತು ವರ್ಷಕ್ಕೆ ಸುಮಾರು 20,000. ಸಾಮಾನ್ಯ ನೋಂದಣಿಯಲ್ಲೇ ಉಳಿದರೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಐದು ವರ್ಷಕ್ಕೊಮ್ಮೆ 10,000 ನವೀಕರಣ ಶುಲ್ಕ. ಎರಡನ್ನೂ ತೂಗಿದರೆ ಹತ್ತು ವರ್ಷದಲ್ಲಿ ವಿಂಟೇಜ್ ದಾರಿಯಲ್ಲಿ ಇಪ್ಪತ್ತು ಸಾವಿರದಷ್ಟು ಉಳಿತಾಯ. ಆದರೆ ಆ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಮತ್ತು ರಿಪೇರಿಗಷ್ಟೇ ರಸ್ತೆಗೆ ಇಳಿಸಬಹುದು. ನಂಜನಗೂಡಿನ ದಾರಿಯಲ್ಲಿ ಅಪಘಾತವಾದರೆ, ನಿಯಮ ಮೀರಿ ಬಳಸಿದ್ದೀರಿ ಎಂದು ಕಂಪನಿ ಹೇಳಲು ಅವಕಾಶ ಕೊಟ್ಟಂತೆ. ವರ್ಷಕ್ಕೆ ಎರಡು ಸಾವಿರ ಹೆಚ್ಚು ಕೊಟ್ಟು ಓಡಾಡುವ ಹಕ್ಕು ಉಳಿಸಿಕೊಂಡಿದ್ದೇನೆ. ಮುಂದಿನ ನವೀಕರಣಕ್ಕೆ ಮುಂಚೆ ಎಂಜಿನ್ ರೀಬೋರ್ ಮಾಡಿಸುವುದಿದೆ. ಆ ಬಿಲ್ಲನ್ನು ಹೊಸ ಮೌಲ್ಯಮಾಪನ ವರದಿಯ ಜೊತೆ ಲಗತ್ತಿಸಿ, ಮೂರು ಲಕ್ಷವನ್ನು ಮೂರೂವರೆಗೆ ಏರಿಸಿ ಎಂದು ಶಾಖೆಯಲ್ಲಿ ಕೇಳುತ್ತೇನೆ.