ಮೂಟೆ ಕಟ್ಟುವ ಮೊದಲು

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಸತ್ತವರು ಸುಮಾರು 9 ಸಾವಿರ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ವಾರವೇ ಬಟ್ಟೆ ಸಂಗ್ರಹ ಶುರುವಾಯಿತು, ಮುಂದಾಳು ನಾನೇ. ಹಳೇ ಸ್ವೆಟರು, ಸೀರೆ, ಮಕ್ಕಳ ಯೂನಿಫಾರ್ಮು ಸೇರಿ ಹನ್ನೊಂದು ಮೂಟೆ. ಲಾರಿ ಬಾಡಿಗೆಗೆಂದು ಆರು ಸಾವಿರ ತೆತ್ತೆ. ಮೂಟೆಗಳು ಉತ್ತರದ ಯಾವುದೋ ಗೋದಾಮಿನಲ್ಲೇ ಉಳಿದವೆಂದು ಎರಡು ತಿಂಗಳ ಮೇಲೆ ಗೊತ್ತಾಯಿತು.

ವಿಮಾನದಲ್ಲಿ ಹೋಗುವ ನೆರವಿಗೂ ದಾರಿ ಕಿರಿದು: ಕಠ್ಮಂಡು ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಅದಕ್ಕೂ ಹಾನಿಯಾಗಿ, ಮೇ ಆರಂಭದಲ್ಲಿ ಭಾರೀ ವಿಮಾನಗಳನ್ನು ತಡೆದರು. ಟ್ಯೂನಾ ಮೀನು, ಮಯೋನೀಸ್ ಬಂದಿಳಿಯುತ್ತಿವೆ, ನಮಗೆ ಬೇಕಿರುವುದು ಧಾನ್ಯ, ಉಪ್ಪು, ಸಕ್ಕರೆ ಎಂದು ಅಲ್ಲಿನ ಹಣಕಾಸು ಸಚಿವರೇ ಹೇಳಬೇಕಾಯಿತು.

ನಮ್ಮ ವಾಚ್‌ಮನ್ ಸಿಂಧುಪಾಲ್‌ಚೋಕ್ ಜಿಲ್ಲೆಯವರು. ಅತಿ ಹೆಚ್ಚು ಸಾವು ಕಂಡ ಜಿಲ್ಲೆ ಅದು. ಅವರನ್ನು ವಿಚಾರಿಸಬೇಕೆಂದು ನನಗೆ ಹೊಳೆದದ್ದು ಲಾರಿ ಹೋದ ಮೇಲೆ. "ಬಟ್ಟೆ ಬೇಡ ಸಾರ್, ಮಳೆಗಾಲಕ್ಕೆ ಮುಂಚೆ ತಗಡು ಬೇಕು. ತಗಡು ಅಲ್ಲೇ ಸಿಗುತ್ತೆ, ದುಡ್ಡಿಲ್ಲ" ಎಂದರು. ಭಾರತ-ನೇಪಾಳ ಹಣ ರವಾನೆ ಸೌಲಭ್ಯ 2008ರಿಂದಲೇ ಇತ್ತು. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ, ಅವರ ಮನೆಗೆ ಹಣ ಕಳಿಸಿದೆವು. ತಗಡು ಬಂತು.

ಪರಿಚಯದವರಿಲ್ಲದ ಕಡೆಗೆ ಸಂಸ್ಥೆಯೇ ದಾರಿ. ಆ ದೇಶದಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವವರನ್ನೇ ಆರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡ್‌ಗೆ ಹಣ ಹಾಕಬೇಡಿ. ಸಂಸ್ಥೆಯ ವೆಬ್‌ಸೈಟಿಗೆ ನೀವೇ ಹೋಗಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದು ಭಾರತದಲ್ಲಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟದ್ದು, 2,000 ರೂಪಾಯಿ ಮೀರಿದ ನಗದು, ಬಟ್ಟೆಬರೆ, ಇವು ಯಾವುವೂ ಲೆಕ್ಕಕ್ಕಿಲ್ಲ. ರಸೀದಿ ಕೇಳಲು ಸಂಕೋಚ ಬೇಡ.

ಇನ್ನೊಂದು ಪಾಠ ಸಮಯದ್ದು. ಟಿವಿಯಲ್ಲಿ ದೃಶ್ಯ ಇರುವಷ್ಟು ದಿನ ದೇಣಿಗೆ ಹರಿಯುತ್ತದೆ. ಮನೆ ಕಟ್ಟುವ ಕೆಲಸಕ್ಕೆ ಅಷ್ಟು ಅವಸರವಿಲ್ಲ: ನೇಪಾಳದ ಪುನರ್ನಿರ್ಮಾಣ ಪ್ರಾಧಿಕಾರ ಕೆಲಸಕ್ಕಿಳಿಯುವ ಹೊತ್ತಿಗೆ ಆ ವರ್ಷದ ಡಿಸೆಂಬರ್ ಬಂದಿತ್ತು. ಹಾಗಾಗಿ ನಾನೀಗ ಕೊಡಬೇಕೆಂದುಕೊಂಡ ಮೊತ್ತವನ್ನು ಎರಡು ಭಾಗ ಮಾಡುತ್ತೇನೆ. ಅರ್ಧ ದುರಂತ ನಡೆದ ವಾರ, ಉಳಿದರ್ಧ ಆರು ತಿಂಗಳಿಗೆ. ಮರೆವಿನ ಮನುಷ್ಯ ನಾನು. ಎರಡನೆಯ ಕಂತಿನ ದಿನಾಂಕವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಅವತ್ತೇ ಗುರುತು ಹಾಕಿಬಿಡುತ್ತೇನೆ. ನೀವೂ ಹಾಕಿ.